ಬೀಗದ ಕೈ ಹಿಡಿದವರು, ಪಕ್ಕದಲ್ಲಿ ಕೂತವರು

ಬಿಟಿಎಂ ಎಂಬ ಮೂರಕ್ಷರದಲ್ಲಿ ಮೂರು ಹಳ್ಳಿಗಳಿವೆ: ಬೈರಸಂದ್ರ, ತಾವರೆಕೆರೆ, ಮಡಿವಾಳ. ಹಳ್ಳಿಗಳು ಕರಗಿ ಲೇಔಟ್ ಆದವು. ಈಗ ಆ ಹೆಸರು ಕೇಳಿದರೆ ಜನಕ್ಕೆ ನೆನಪಾಗುವುದು ಪೇಯಿಂಗ್ ಗೆಸ್ಟ್ ಬೋರ್ಡುಗಳು, ಸಿಲ್ಕ್ ಬೋರ್ಡಿನ ಟ್ರಾಫಿಕ್ಕು, ಸಾಫ್ಟ್‌ವೇರ್ ಹುಡುಗರು. ಆದರೆ ಬೆಳಗ್ಗೆ ಏಳೂವರೆಗೆ ತಾವರೆಕೆರೆ ರಸ್ತೆಯಲ್ಲಿ ನಿಂತು ನೋಡಿದರೆ ಬೇರೊಂದು ಬಿಟಿಎಂ ಕಾಣುತ್ತದೆ. ಬಿಳಿ ಕೋಟನ್ನು ಮಡಚಿ ಕೈಯಲ್ಲಿ ಹಿಡಿದ, ಕೂದಲನ್ನು ಬಿಗಿಯಾಗಿ ಗಂಟು ಹಾಕಿಕೊಂಡ ಹುಡುಗಿಯರು, ಅವರ ನಡುವೆ ಅಲ್ಲಲ್ಲಿ ಹುಡುಗರು, ಗುಂಪುಗುಂಪಾಗಿ ಬಸ್ಸಿಗೆ ಕಾಯುತ್ತಿರುತ್ತಾರೆ. ಮಲಯಾಳ, ನೇಪಾಳಿ, ಬಂಗಾಳಿ, ಮಣಿಪುರಿ ಕಿವಿಗೆ ಬೀಳುತ್ತವೆ. ಕನ್ನಡವೂ ಇದೆ, ಹೆಚ್ಚಾಗಿ ಉತ್ತರ ಕರ್ನಾಟಕದ್ದು. ಇವರೆಲ್ಲ ಆರೈಕೆ ಮಾಡುವುದನ್ನು ಕಲಿಯಲು ಈ ಊರಿಗೆ ಬಂದವರು.

ಇಲ್ಲಿಗೇ ಬಂದದ್ದಕ್ಕೆ ಕಾರಣವಿದೆ. ಬಿಟಿಎಂನ ಸುತ್ತ ಮೂರ್ನಾಲ್ಕು ಕಿಲೋಮೀಟರಿನೊಳಗೆ ನಿಮ್ಹಾನ್ಸ್, ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ, ಜಯದೇವ ಹೃದ್ರೋಗ ಸಂಸ್ಥೆ, ಸಂಜಯ ಗಾಂಧಿ ಅಪಘಾತ ಮತ್ತು ಮೂಳೆ ಚಿಕಿತ್ಸಾ ಸಂಸ್ಥೆ, ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ, ಕೋರಮಂಗಲದ ಸೇಂಟ್ ಜಾನ್ಸ್ ಇವೆ. ರಾಜ್ಯದ ಬಹುತೇಕ ನರ್ಸಿಂಗ್ ಕಾಲೇಜುಗಳಿಗೆ ಪದವಿ ಕೊಡುವ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ, 1996ರಲ್ಲಿ ಹುಟ್ಟಿದ್ದು, ಪಕ್ಕದ ಜಯನಗರದಲ್ಲಿದೆ. ಕಾಯಿಲೆ ವಾಸಿ ಮಾಡುವ ಇಷ್ಟೊಂದು ಕಟ್ಟಡಗಳು ಒಂದೆಡೆ ಸೇರಿದಾಗ ಅವುಗಳ ಸುತ್ತ ಕಲಿಯುವವರ ಒಂದು ಊರು ತಾನಾಗಿ ಬೆಳೆಯುತ್ತದೆ.

ಈ ಕಟ್ಟಡಗಳಲ್ಲಿ ಒಂದರ ಚರಿತ್ರೆಯನ್ನಷ್ಟೇ ಇಲ್ಲಿ ಹೇಳುತ್ತೇನೆ. ಅದೂ ವೈದ್ಯರ ಚರಿತ್ರೆಯಲ್ಲ. ನನ್ನ ಸಂಶೋಧನೆ ಸುತ್ತುತ್ತಿರುವುದು ಒಂದು ಸಣ್ಣ ಪ್ರಶ್ನೆಯ ಸುತ್ತ: ರೋಗಿಯ ಪಕ್ಕದಲ್ಲಿ ಇರುವುದನ್ನು ನಾವು ಯಾವಾಗ, ಯಾಕೆ ಕಾಲೇಜಿನಲ್ಲಿ ಕಲಿಸಬೇಕಾದ ವಿದ್ಯೆ ಎಂದು ಒಪ್ಪಿಕೊಂಡೆವು? ಈ ಪ್ರಶ್ನೆಗೆ ಹೊಸೂರು ರಸ್ತೆಯ ನಿಮ್ಹಾನ್ಸ್‌ನಷ್ಟು ಸ್ಪಷ್ಟವಾಗಿ ಉತ್ತರ ಕೊಡುವ ಜಾಗ ಕರ್ನಾಟಕದಲ್ಲಿ ಇನ್ನೊಂದಿಲ್ಲ.

ಬೆಂಗಳೂರಿನ ಮೊದಲ ಹುಚ್ಚಾಸ್ಪತ್ರೆ ಶುರುವಾದದ್ದು 1847ರಲ್ಲಿ. ಆಗ ಅದರ ಅಧಿಕೃತ ಹೆಸರೂ ಹೆಚ್ಚುಕಡಿಮೆ ಅದೇ, ಲುನಾಟಿಕ್ ಅಸೈಲಂ. ಅದು ಪೇಟೆಯ ಮಗ್ಗುಲಲ್ಲಿತ್ತು. 1925ರಲ್ಲಿ ಮೈಸೂರು ಸರ್ಕಾರ ಅದರ ಹೆಸರನ್ನು ಮಾನಸಿಕ ಆಸ್ಪತ್ರೆ ಎಂದು ಬದಲಿಸಿತು. 1930ರ ದಶಕದಲ್ಲಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, ಆಸ್ಪತ್ರೆ ಊರಾಚೆ ಹೊಸೂರು ರಸ್ತೆಗೆ ಬಂತು. ಅದರ ಸೂಪರಿಂಟೆಂಡೆಂಟ್ ಆಗಿದ್ದ ಫ್ರಾಂಕ್ ನರೋನ್ಹಾ, ಅವರ ನಂತರದ ಎಂ.ವಿ. ಗೋವಿಂದಸ್ವಾಮಿ ಇಬ್ಬರೂ ಆ ಕಾಲಕ್ಕೆ ಹೊಸ ಕಣ್ಣುಳ್ಳ ವೈದ್ಯರು.

ಹೆಸರು ಬದಲಾಯಿತು, ಜಾಗ ಬದಲಾಯಿತು. ರೋಗಿಯ ಜೊತೆ ದಿನದ ಇಪ್ಪತ್ನಾಲ್ಕು ಗಂಟೆ ಇರುತ್ತಿದ್ದವರು ಯಾರು? ಅಸೈಲಂ ಎಂದಮೇಲೆ ಅಲ್ಲಿ ಕಾವಲಿನವರಿರುತ್ತಾರೆ. ಜಗತ್ತಿನ ಎಲ್ಲ ಅಸೈಲಂಗಳಲ್ಲೂ ಅವರ ಕೆಲಸ ಒಂದೇ ಆಗಿತ್ತು. ಬಾಗಿಲು ಹಾಕುವುದು, ತೆಗೆಯುವುದು, ಎಣಿಸುವುದು, ಉಣಿಸುವುದು, ಮೀಯಿಸುವುದು, ಜಗಳವಾದರೆ ಹಿಡಿಯುವುದು. ಸೊಂಟದಲ್ಲಿ ಬೀಗದ ಕೈಗೊಂಚಲು ಇದ್ದವರಿಗೆ ಪಠ್ಯಪುಸ್ತಕ ಬೇಕಿರಲಿಲ್ಲ. ಗಟ್ಟಿ ಮೈ, ಗಟ್ಟಿ ದನಿ ಇದ್ದರೆ ಸಾಕಿತ್ತು. ಇದನ್ನು ಅವರ ಮೇಲಿನ ದೂರಾಗಿ ಹೇಳುತ್ತಿಲ್ಲ. ಚಿಕಿತ್ಸೆಯೇ ಇಲ್ಲದ ಕಾಲದಲ್ಲಿ ಆಸ್ಪತ್ರೆ ಅವರಿಂದ ಕೇಳಿದ್ದೇ ಅಷ್ಟು.

ಬದಲಾವಣೆ ಬಂದದ್ದು ಕರುಣೆ ಹೆಚ್ಚಿದ್ದರಿಂದಷ್ಟೇ ಅಲ್ಲ, ಚಿಕಿತ್ಸೆ ಬದಲಾದ್ದರಿಂದ. 1933ರಲ್ಲಿ ವಿಯೆನ್ನಾದ ಮ್ಯಾನ್‌ಫ್ರೆಡ್ ಸಾಕೆಲ್ ಇನ್ಸುಲಿನ್ ಚುಚ್ಚಿ ರೋಗಿಯನ್ನು ಗಾಢ ನಿದ್ರೆಗೆ ಇಳಿಸುವ ಚಿಕಿತ್ಸೆಯನ್ನು ಪ್ರಕಟಿಸಿದರು. 1938ರಲ್ಲಿ ರೋಮ್‌ನಲ್ಲಿ ವಿದ್ಯುತ್ ಚಿಕಿತ್ಸೆ ಬಂತು. ಇಂಥ ಹೊಸ ಚಿಕಿತ್ಸೆಗಳ ಸುದ್ದಿ, ಪ್ರಯೋಗ ಎರಡೂ ಬೆಂಗಳೂರಿಗೆ ಬೇಗನೆ ತಲುಪಿದವು. ಇನ್ಸುಲಿನ್ ಚಿಕಿತ್ಸೆಯನ್ನು ಒಂದು ಕ್ಷಣ ನೋಡಿ. ವೈದ್ಯರು ಚುಚ್ಚುಮದ್ದು ಕೊಟ್ಟು ಹೋಗುತ್ತಾರೆ. ಮುಂದಿನ ಕೆಲವು ಗಂಟೆ ರೋಗಿಯ ಬೆವರು, ಉಸಿರು, ನಾಡಿ, ಕಣ್ಣಿನ ಪಾಪೆ, ಸೆಳವು ಇವನ್ನು ಒಬ್ಬರು ಬಿಡದೆ ಗಮನಿಸಬೇಕು. ಸರಿಯಾದ ಹೊತ್ತಿಗೆ ಸಕ್ಕರೆ ಕೊಟ್ಟು ಎಬ್ಬಿಸದಿದ್ದರೆ ರೋಗಿ ಏಳುವುದೇ ಇಲ್ಲ. ಬೀಗದ ಕೈ ಹಿಡಿದವನಿಂದ ಆಗುವ ಕೆಲಸ ಇದಲ್ಲ. ಇನ್ಸುಲಿನ್ ಚಿಕಿತ್ಸೆ ಆಮೇಲೆ ಪೂರ್ತಿ ಕೈಬಿಟ್ಟುಹೋಯಿತು. ಆದರೆ ಮಾನಸಿಕ ಆಸ್ಪತ್ರೆಗೆ ಕಣ್ಣು ಪಳಗಿದ, ಬರೆದಿಡಬಲ್ಲ, ತಾನೇ ನಿರ್ಧಾರ ಮಾಡಬಲ್ಲ ಒಬ್ಬ ನರ್ಸ್ ಬೇಕು ಎಂಬುದನ್ನು ಅದು ತೋರಿಸಿಕೊಟ್ಟಿತು.

ಆ ನರ್ಸ್ ಎಲ್ಲಿದ್ದಳು? 1946ರ ಭೋರ್ ಸಮಿತಿಯ ವರದಿ ಓದಿದರೆ ಎದೆ ಝಲ್ಲೆನ್ನುತ್ತದೆ. ಆಗ ಬ್ರಿಟಿಷ್ ಭಾರತದಲ್ಲಿ ಸುಮಾರು 43,000 ಜನರಿಗೆ ಒಬ್ಬ ನರ್ಸ್, ಸುಮಾರು 6,300 ಜನರಿಗೆ ಒಬ್ಬ ವೈದ್ಯ. ಮಾಮೂಲಿ ದೇಶಗಳಲ್ಲಿ ವೈದ್ಯರಿಗಿಂತ ನರ್ಸುಗಳು ಹೆಚ್ಚಿರುತ್ತಾರೆ. ಇಲ್ಲಿ ಲೆಕ್ಕ ತಿರುಗುಮುರುಗು. ಮಾನಸಿಕ ಆಸ್ಪತ್ರೆಯ ಹಾಸಿಗೆಗಳು ಇಂಗ್ಲೆಂಡಿನಲ್ಲಿ 300 ಜನರಿಗೆ ಒಂದಿದ್ದರೆ ಇಲ್ಲಿ 40,000 ಜನರಿಗೆ ಒಂದು. ಡಾಕ್ಟರಾಗುವುದಕ್ಕೆ ನಮ್ಮ ಮಧ್ಯಮ ವರ್ಗ ಮುಗಿಬೀಳುತ್ತಿತ್ತು. ನರ್ಸಾಗುವುದೆಂದರೆ ಬೇರೆಯವರ ಮಲಮೂತ್ರ ಮುಟ್ಟುವುದು, ರಾತ್ರಿ ಪಾಳಿ ಮಾಡುವುದು, ಗಂಡು ಮೈಯನ್ನು ಒರೆಸುವುದು. ಮಡಿ, ಮೈಲಿಗೆ, ಜಾತಿ ಮೂರೂ ಸೇರಿ ಆ ದಾರಿಯನ್ನು ಮುಚ್ಚಿದ್ದವು. ಹಾಗಾಗಿ ದಾದಿಯರ ಕೆಲಸ ಬಹುಕಾಲ ಕ್ರೈಸ್ತ ಹೆಣ್ಣುಮಕ್ಕಳ ಹೆಗಲ ಮೇಲೆಯೇ ನಿಂತಿತು. ಬೆಂಗಳೂರಿನಲ್ಲಿ ಸೇಂಟ್ ಮಾರ್ಥಾಸ್ ಆಸ್ಪತ್ರೆಯನ್ನು 1886ರಲ್ಲಿ ಕಟ್ಟಿದ್ದು ಗುಡ್ ಶೆಫರ್ಡ್ ಸನ್ಯಾಸಿನಿಯರು. ಈ ನಗರ ಶುಶ್ರೂಷೆ ಕಲಿತದ್ದು ಬಹುಮಟ್ಟಿಗೆ ಇಂಥವರಿಂದ.

ಮಾನಸಿಕ ಶುಶ್ರೂಷೆಯ ಸ್ಥಿತಿ ಇನ್ನೂ ವಿಚಿತ್ರ. 1943ರಲ್ಲಿ ಮದರಾಸು ಸರ್ಕಾರ ಮೂರು ತಿಂಗಳ ಒಂದು ತರಬೇತಿ ಶುರುಮಾಡಿತು. ಅದು ಗಂಡು ನರ್ಸಿಂಗ್ ವಿದ್ಯಾರ್ಥಿಗಳಿಗೆ. ಹೆಣ್ಣುಮಕ್ಕಳು ಹೆರಿಗೆ ಮಾಡಿಸುವುದನ್ನು ಕಲಿಯುವಾಗ, ಅದನ್ನು ಕಲಿಯಲಾರದ ಗಂಡಸರಿಗೆ ಅದರ ಬದಲಿಗೆ ಕೊಟ್ಟ ವಿಷಯ ಮಾನಸಿಕ ಶುಶ್ರೂಷೆ. ಈ ಒಂದು ಏರ್ಪಾಟಿನಲ್ಲಿ ಇಡೀ ಹಳೆಯ ನಂಬಿಕೆ ಅಡಗಿದೆ. ಹೆರಿಗೆ ಕೋಣೆಗೆ ಹೆಣ್ಣು, ಹುಚ್ಚಿಗೆ ಗಂಡು. ಯಾಕೆಂದರೆ ಅಲ್ಲಿ ಬೇಕಾದ್ದು ತೋಳ್ಬಲ ಎಂದೇ ಎಲ್ಲರೂ ತಿಳಿದಿದ್ದರು.

ಸ್ವಾತಂತ್ರ್ಯ ಬಂದ ಹೊಸದರಲ್ಲಿ, 1948ರಿಂದ 1950ರ ಒಳಗೆ, ಭಾರತ ಸರ್ಕಾರ ನಾಲ್ವರು ನರ್ಸುಗಳನ್ನು ಮಾನಸಿಕ ಶುಶ್ರೂಷೆ ಕಲಿಯಲು ಇಂಗ್ಲೆಂಡಿಗೆ ಕಳಿಸಿತು. ಇಡೀ ದೇಶಕ್ಕೆ ನಾಲ್ಕು ಜನ. ಭೋರ್ ಸಮಿತಿಯ ಶಿಫಾರಸಿನಂತೆ 1954ರಲ್ಲಿ ಹೊಸೂರು ರಸ್ತೆಯ ಆಸ್ಪತ್ರೆಗೆ ಅಂಟಿಕೊಂಡೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. ಗೋವಿಂದಸ್ವಾಮಿಯವರೇ ಅದರ ಮೊದಲ ನಿರ್ದೇಶಕರು. 1955ರಲ್ಲಿ ಮನೋವೈದ್ಯರಿಗೂ ಮನಶ್ಶಾಸ್ತ್ರಜ್ಞರಿಗೂ ಡಿಪ್ಲೊಮಾಗಳು ಶುರುವಾದವು. 1956ರಲ್ಲಿ, ಆಗಲೇ ನರ್ಸ್ ಆದವರಿಗಾಗಿ, ಒಂದು ವರ್ಷದ ಮಾನಸಿಕ ಶುಶ್ರೂಷೆಯ ಕೋರ್ಸ್ ಆರಂಭವಾಯಿತು. ದೇಶದಲ್ಲಿ ಈ ವಿದ್ಯೆಗೆ ಕ್ರಮವಾದ ಪಾಠ ಅಂತ ಸಿಕ್ಕಿದ್ದು ಇಲ್ಲಿ. ಬಿಎಸ್ಸಿ ನರ್ಸಿಂಗ್‌ನಲ್ಲಿ ಅದು ಎಲ್ಲರೂ ಓದಲೇಬೇಕಾದ ವಿಷಯವಾದದ್ದು 1965ರಲ್ಲಿ.

ಆ ಕೋರ್ಸಿನಲ್ಲಿ ಕಲಿಸುವುದೇನು? ಹೊರಗಿನವರಿಗೆ ಇದು ಅರ್ಥವಾಗುವುದು ಕಷ್ಟ. ಮೂಳೆ ಮುರಿದವರ ವಾರ್ಡಿನಲ್ಲಿ ನರ್ಸಿನ ಕೈಯಲ್ಲಿ ಪಟ್ಟಿ, ಸಿರಿಂಜು ಇರುತ್ತವೆ. ಮಾನಸಿಕ ವಾರ್ಡಿನಲ್ಲಿ ಅವಳ ಮುಖ್ಯ ಸಾಧನ ಮಾತು. ಮಾತಿಗಿಂತ ಮೊದಲು ಸುಮ್ಮನೆ ಕೂರುವುದು. 1952ರಲ್ಲಿ ಅಮೆರಿಕದ ನರ್ಸ್ ಹಿಲ್ಡೆಗಾರ್ಡ್ ಪೆಪ್ಲೌ ಬರೆದ ಪುಸ್ತಕವೊಂದು ನರ್ಸ್ ಮತ್ತು ರೋಗಿಯ ನಡುವಿನ ಸಂಬಂಧವೇ ಚಿಕಿತ್ಸೆಯ ಒಂದು ಭಾಗ ಎಂದು ವಾದಿಸಿತು. ಅಲ್ಲಿಂದ ಬಂದ ಒಂದು ಅಭ್ಯಾಸ ಇವತ್ತಿಗೂ ನಮ್ಮ ನರ್ಸಿಂಗ್ ವಿದ್ಯಾರ್ಥಿಗಳ ಬೆನ್ನು ಬಿಟ್ಟಿಲ್ಲ. ರೋಗಿಯ ಜೊತೆ ಆಡಿದ ಮಾತನ್ನು ಒಂದೂ ಬಿಡದೆ ಬರೆಯಬೇಕು. ಅವರು ಹೀಗೆಂದರು, ನಾನು ಹೀಗೆಂದೆ, ಆಗ ನನಗೆ ಏನನ್ನಿಸಿತು, ಯಾಕೆ ಮಾತು ಬದಲಿಸಿದೆ. ಪ್ರೊಸೆಸ್ ರೆಕಾರ್ಡಿಂಗ್ ಎಂದು ಅದರ ಹೆಸರು. ಎದುರಿನವರನ್ನು ಗಮನಿಸುವ ಹೊತ್ತಿಗೇ ತನ್ನನ್ನೂ ಗಮನಿಸಿಕೊಳ್ಳುವುದನ್ನು ಅದು ಕಲಿಸುತ್ತದೆ. ಕಾವಲಿನವರಿಗೂ ನರ್ಸಿಗೂ ಇರುವ ವ್ಯತ್ಯಾಸ ಸಮವಸ್ತ್ರದಲ್ಲಿಲ್ಲ, ಈ ಬರವಣಿಗೆಯಲ್ಲಿದೆ.

ಇದರಲ್ಲೊಂದು ತೊಡಕಿದೆ. ಬೆಂಗಳೂರಿನ ಹಲವು ಕಾಲೇಜುಗಳ ವಿದ್ಯಾರ್ಥಿಗಳು ಮಾನಸಿಕ ಶುಶ್ರೂಷೆಯ ಪೋಸ್ಟಿಂಗ್‌ಗೆ ನಿಮ್ಹಾನ್ಸ್‌ಗೆ ಬರುತ್ತಾರೆ. ಹುಡುಗಿಯ ಮನೆಮಾತು ಮಲಯಾಳವೋ ನೇಪಾಳಿಯೋ. ರೋಗಿ ಚಿತ್ರದುರ್ಗದವರೋ ಅನಂತಪುರದವರೋ. ಬರೆಯಬೇಕಾದ್ದು ಇಂಗ್ಲಿಷಿನಲ್ಲಿ. ನನಗೆ ಪರಿಚಯವಾದ ವಿದ್ಯಾರ್ಥಿನಿಯೊಬ್ಬಳು ಬೆಂಗಳೂರಿಗೆ ಬಂದು ಮೊದಲು ಕಲಿತ ಕನ್ನಡ ವಾಕ್ಯಗಳು ‘ಊಟ ಆಯ್ತಾ?’, ‘ನಿದ್ದೆ ಬಂತಾ?’ ಎಂಬುವು. ಕೆಟ್ಟ ಆರಂಭವೇನಲ್ಲ. ಆದರೆ ರೋಗಿ ‘ಎದೆಯಲ್ಲಿ ಏನೋ ಭಾರ ಇಟ್ಟಂಗಾಗುತ್ತೆ’, ‘ತಲೆಯೊಳಗೆ ಗುಂಯ್ ಅನ್ನುತ್ತೆ’, ‘ಜೀವಕ್ಕೆ ಸಮಾಧಾನ ಇಲ್ಲ’ ಎಂದಾಗ ಅದು ರೆಕಾರ್ಡಿಗೆ ಹೋಗುವಾಗ ಒಂದೇ ಇಂಗ್ಲಿಷ್ ಪದವಾಗಿಬಿಡುತ್ತದೆ. ಮಾತೇ ಸಾಧನವಾದ ವಿದ್ಯೆಯನ್ನು ನಾವು ಎಪ್ಪತ್ತು ವರ್ಷದಿಂದ ರೋಗಿಯ ಮಾತಿನಲ್ಲಿ ಕಲಿಸಿಲ್ಲ.

ಮತ್ತೆ ಚರಿತ್ರೆಗೆ ಬರೋಣ. 1952ರಲ್ಲಿ ಪ್ಯಾರಿಸ್‌ನಲ್ಲಿ ಕ್ಲೋರ್‌ಪ್ರೊಮಾಜಿನ್ ಎಂಬ ಔಷಧದ ಗುಣ ಗೊತ್ತಾಯಿತು. ಕೆಲವೇ ವರ್ಷಗಳಲ್ಲಿ ಅದು ಎಲ್ಲ ಕಡೆ ಹರಡಿತು. ವರ್ಷಗಟ್ಟಲೆ ಒಳಗೇ ಇರುತ್ತಿದ್ದವರು ವಾಸಿಯಾಗಿ ಮನೆಗೆ ಹೊರಡುವಂತಾದರು. ಆಗ ಹೊಸ ಕಷ್ಟ ಎದುರಾಯಿತು. ಹೊರಟವರಿಗೆ ಮನೆಯ ಬಾಗಿಲು ತೆರೆದಿದೆಯೇ?

ಇದನ್ನು ಕನ್ನಡದಲ್ಲಿ ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಚೆನ್ನಾಗಿ ಕಂಡವರು ತ್ರಿವೇಣಿ. ‘ಶರಪಂಜರ’ದ ಕಾವೇರಿ ಬಾಣಂತನದ ಹೊತ್ತಿಗೆ ಮನೋರೋಗಕ್ಕೆ ಸಿಕ್ಕವಳು. ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬರುತ್ತಾಳೆ. ಗುಣವಾಗಿರುವುದು ಅವಳು, ಮನೆಯಲ್ಲ. ಅವಳು ಸ್ವಲ್ಪ ಜೋರಾಗಿ ನಕ್ಕರೂ, ಸಿಟ್ಟು ಮಾಡಿದರೂ, ಎಲ್ಲರ ಕಣ್ಣಿನಲ್ಲೂ ಅದೇ ಅನುಮಾನ. ಗಂಡ ದೂರವಾಗುತ್ತಾನೆ. ಕೊನೆಗೆ ಅವಳು ಮತ್ತೆ ಆಸ್ಪತ್ರೆ ಸೇರುತ್ತಾಳೆ. ಪುಟ್ಟಣ್ಣ ಕಣಗಾಲ್ ಅದನ್ನು ಸಿನಿಮಾ ಮಾಡಿದಾಗ ಕಲ್ಪನಾ ಅಭಿನಯಕ್ಕೆ ಇಡೀ ರಾಜ್ಯ ಅತ್ತಿತು. ನಾನು ಅದನ್ನು ಈಗ ನೋಡುವಾಗ ನನಗೆ ಕಾಣುವುದು ಕಾವೇರಿಯ ದುರಂತದ ಜೊತೆಗೆ ಆ ಕತೆಯಲ್ಲಿ ಇಲ್ಲದ ಒಂದು ಪಾತ್ರ. ಡಿಸ್ಚಾರ್ಜಿಗೆ ಮೊದಲು ಗಂಡನನ್ನು ಕೂರಿಸಿಕೊಂಡು ಮಾತಾಡುವವರು, ನೆರೆಮನೆಯ ಬಾಯಿಗೆ ಹೇಗೆ ಉತ್ತರ ಕೊಡಬೇಕೆಂದು ಹೇಳಿಕೊಡುವವರು, ಮೂರು ತಿಂಗಳ ಮೇಲೆ ಬಂದು ಬಾಗಿಲು ತಟ್ಟಿ ‘ಹೇಗಿದ್ದೀರಮ್ಮಾ?’ ಎಂದು ಕೇಳುವವರು ಅಲ್ಲಿ ಯಾರೂ ಇಲ್ಲ.

ಆ ಪಾತ್ರಕ್ಕೆ ಕಾಲೇಜು ಇಟ್ಟ ಹೆಸರು ಮನೋವೈದ್ಯಕೀಯ ಸಮಾಜಕಾರ್ಯ. ಭಾರತದಲ್ಲಿ ಸಮಾಜಕಾರ್ಯ ಓದಾಗಿ ಶುರುವಾದದ್ದು 1936ರಲ್ಲಿ, ಮುಂಬೈಯ ಟಾಟಾ ಸಂಸ್ಥೆಯಲ್ಲಿ. ಆಸ್ಪತ್ರೆಯಲ್ಲಿ ಮೊದಲ ವೈದ್ಯಕೀಯ ಸಮಾಜ ಕಾರ್ಯಕರ್ತರು ಬಂದದ್ದು 1946ರಲ್ಲಿ, ಮುಂಬೈಯ ಜೆ.ಜೆ. ಆಸ್ಪತ್ರೆಗೆ. ಮಂಗಳೂರಿನಲ್ಲಿ 1960ರಲ್ಲಿ ರೋಶನಿ ನಿಲಯ ಆರಂಭವಾಯಿತು. ಹೊಸೂರು ರಸ್ತೆಯ ಸಂಸ್ಥೆಯಲ್ಲಿ ಮನೋವೈದ್ಯಕೀಯ ಸಮಾಜಕಾರ್ಯದ ಡಿಪ್ಲೊಮಾ ಬಂದದ್ದು 1968ರಲ್ಲಿ. ಆಮೇಲೆ ಅದೇ ಎಂಫಿಲ್ ಆಯಿತು. 1974ರ ಡಿಸೆಂಬರ್ 27ರಂದು ಆಸ್ಪತ್ರೆಯೂ ಸಂಸ್ಥೆಯೂ ಕೂಡಿ ನಿಮ್ಹಾನ್ಸ್ ಆದವು.

ಮುಂದಿನ ಹೆಜ್ಜೆ ಬನ್ನೇರುಘಟ್ಟ ರಸ್ತೆ ಹಿಡಿದು ದಕ್ಷಿಣಕ್ಕೆ ಹೋಯಿತು. ಎಷ್ಟೇ ಜನರನ್ನು ತಯಾರು ಮಾಡಿದರೂ ಹಳ್ಳಿಯ ರೋಗಿ ಬೆಂಗಳೂರಿಗೆ ಬರಬೇಕಲ್ಲ? ಬರುವ ಹೊತ್ತಿಗೆ ದೇವಸ್ಥಾನ, ದರ್ಗಾ, ಮಂತ್ರವಾದಿ ಎಲ್ಲ ಮುಗಿದಿರುತ್ತಿತ್ತು. ಕೈಯಲ್ಲಿದ್ದ ಕಾಸೂ ಮುಗಿದಿರುತ್ತಿತ್ತು. 1970ರ ದಶಕದ ನಡುವೆ ಆರ್.ಎಲ್. ಕಪೂರ್ ಅವರ ಕಾಲದಲ್ಲಿ ನಿಮ್ಹಾನ್ಸ್ ಸಕಲವಾರದಲ್ಲಿ ಗ್ರಾಮೀಣ ಕೇಂದ್ರ ಶುರುಮಾಡಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ, ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೂ ಮನೋರೋಗವನ್ನು ಗುರುತಿಸಲು ಕಲಿಸಬಹುದೇ ಎಂಬುದು ಪ್ರಶ್ನೆ. ಕಲಿಸಬಹುದು ಎಂದು ಗೊತ್ತಾಯಿತು. 1982ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ, 80ರ ದಶಕದ ಬಳ್ಳಾರಿ ಪ್ರಯೋಗ, 1996ರಲ್ಲಿ ದೇಶಕ್ಕೆ ಹರಡಿದ ಜಿಲ್ಲಾ ಕಾರ್ಯಕ್ರಮ, ಇವಕ್ಕೆಲ್ಲ ಸಕಲವಾರದಂಥ ಕಡೆ ಕಲಿತ ಪಾಠವೇ ಬುನಾದಿ. ನಿಮ್ಹಾನ್ಸ್‌ನ ಡಾ. ಸಿ.ಆರ್. ಚಂದ್ರಶೇಖರ್ ಕನ್ನಡದಲ್ಲಿ ಪುಸ್ತಕದ ಮೇಲೆ ಪುಸ್ತಕ ಬರೆದದ್ದು, ಮಾಮೂಲಿ ಗೃಹಿಣಿಯರಿಗೆ, ಮೇಷ್ಟ್ರುಗಳಿಗೆ ಆಪ್ತಸಲಹೆ ಕಲಿಸಿದ್ದು ಇದೇ ದಾರಿಯ ಮುಂದುವರಿಕೆ.

ಈ ನಾಲ್ಕು ಹೆಜ್ಜೆಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ಕ್ರಮ ಕಾಣುತ್ತದೆ. ಕಾವಲು ಸಾಲದಾದಾಗ ನರ್ಸಿನ ಕೋರ್ಸ್ ಹುಟ್ಟಿತು. ವಾರ್ಡು ಸಾಲದಾದಾಗ ಸಮಾಜಕಾರ್ಯದ ಕೋರ್ಸ್ ಹುಟ್ಟಿತು. ನಗರ ಸಾಲದಾದಾಗ ಹಳ್ಳಿಯ ಆರೋಗ್ಯ ಕಾರ್ಯಕರ್ತರ ತರಬೇತಿ ಹುಟ್ಟಿತು. ಪ್ರತಿಸಲವೂ ಆರೈಕೆ ಎಲ್ಲಿ ಸೋಲುತ್ತಿದೆಯೋ ಅಲ್ಲಿಗೆ ಪಾಠ ಹೋಯಿತು. ಆರೈಕೆ ಹೆಣ್ಣಿನ ಸ್ವಭಾವ, ಅದನ್ನು ಕಲಿಸಬೇಕಾಗಿಲ್ಲ ಎಂಬ ಮಾತಿಗೆ ಈ ಎಪ್ಪತ್ತು ವರ್ಷದ ಅನುಭವವೇ ಉತ್ತರ.

ಹಾಗೆಂದು ಕಾಲೇಜಿನ ಹೊರಗೆ ವಿದ್ಯೆಯಿರಲಿಲ್ಲ ಎಂದಲ್ಲ. ಪಾವಗಡದ ಸೂಲಗಿತ್ತಿ ನರಸಮ್ಮ ಅಜ್ಜಿಯಿಂದ ಕಲಿತು ಸಾವಿರಾರು ಹೆರಿಗೆ ಮಾಡಿಸಿದವರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರ ವಿದ್ಯೆಯೂ ಸ್ವಭಾವದಿಂದ ಬಂದದ್ದಲ್ಲ. ಒಬ್ಬ ಗುರು ಇದ್ದರು, ವರ್ಷಗಳ ಅಭ್ಯಾಸ ಇತ್ತು, ತಪ್ಪಿದರೆ ತಿದ್ದುವವರಿದ್ದರು. ಕಾಲೇಜು ಮಾಡುವುದೂ ಅದನ್ನೇ. ಅದರ ಜೊತೆಗೆ ಅದು ಕೊಡುವುದು ಒಂದು ಪ್ರಮಾಣಪತ್ರ, ಸಂಬಳ ಕೇಳುವ ಹಕ್ಕು, ‘ನನಗೆ ಗೊತ್ತಿದೆ’ ಎಂದು ವೈದ್ಯರೆದುರು ಹೇಳುವ ಧೈರ್ಯ. ಸೂಲಗಿತ್ತಿಗೆ ಆ ಮೂರೂ ಸಿಕ್ಕಿರಲಿಲ್ಲ.

ಈಗ ಆ ಸರಣಿ ಎಲ್ಲಿ ನಿಂತಿದೆ? ಎರಡು ಕಡೆ ತಡವರಿಸುತ್ತಿದೆ.

ಮೊದಲನೆಯದು ಕಾಗದದ ಮೇಲೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮನೋವೈದ್ಯಕೀಯ ಸಮಾಜ ಕಾರ್ಯಕರ್ತ ಎಂದರೆ ಯಾರು ಎಂದು ಸ್ಪಷ್ಟವಾಗಿ ಹೇಳುತ್ತದೆ: ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ, ಜೊತೆಗೆ ಎರಡು ವರ್ಷದ ಪೂರ್ಣಾವಧಿ ಎಂಫಿಲ್. 2022ರಲ್ಲಿ ಯುಜಿಸಿ ಹೊಸ ನಿಯಮ ತಂದು ದೇಶದಲ್ಲಿ ಎಂಫಿಲ್ಲನ್ನೇ ನಿಲ್ಲಿಸಿತು. ಒಂದು ಕಾಯ್ದೆ ಬೇಕೇ ಬೇಕು ಎನ್ನುವ ಪದವಿಯನ್ನು ಇನ್ನೊಂದು ನಿಯಮ ತೆಗೆದುಹಾಕಿತು. ತಪ್ಪು ಗೊತ್ತಾದ ಮೇಲೆ ಈ ವಿಷಯಕ್ಕೂ ಕ್ಲಿನಿಕಲ್ ಸೈಕಾಲಜಿಗೂ 2025–26ರ ಸಾಲಿನವರೆಗೆ ವಿನಾಯಿತಿ ಕೊಟ್ಟರು. ನನ್ನಂಥ ಸಂಶೋಧನಾ ವಿದ್ಯಾರ್ಥಿಗಳಿಗೆ ಎಂಫಿಲ್ ಹೋದದ್ದು ಎರಡು ವರ್ಷ ಉಳಿದ ಹಾಗೆ. ಆದರೆ ವಾರ್ಡಿನಲ್ಲಿ ಹಿರಿಯರ ಕಣ್ಣೆದುರು ಎರಡು ವರ್ಷ ಪಳಗಬೇಕಾದವರಿಗೆ ಆ ಎರಡು ವರ್ಷವೇ ವಿದ್ಯೆ.

ಎರಡನೆಯದು ನಮ್ಮ ಮನೆಗಳೊಳಗೆ. ಬಿಟಿಎಂನಲ್ಲಿ ನಾನಿರುವ ಕಟ್ಟಡದ ಕೆಳಮನೆಯಲ್ಲಿ ಮರೆವಿನ ಕಾಯಿಲೆಯ ಅಜ್ಜಿಯೊಬ್ಬರಿದ್ದಾರೆ. ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ. ಹಗಲೂ ರಾತ್ರಿ ಅಜ್ಜಿಯ ಜೊತೆ ಇರುವುದು ಏಜೆನ್ಸಿಯಿಂದ ಬಂದ ಹೋಮ್ ನರ್ಸ್, ಹಾವೇರಿ ಕಡೆಯವರು. ಸಂಜೆ ಹೊತ್ತು ಅಜ್ಜಿ ‘ನಮ್ಮನೆಗೆ ಹೋಗ್ತೀನಿ’ ಎಂದು ಹಟ ಹಿಡಿದಾಗ ಅವರು ವಾದ ಮಾಡುವುದಿಲ್ಲ. ಚೀಲ ಹಿಡಿದು ಅಜ್ಜಿಯನ್ನು ಪಾರ್ಕಿಗೆ ಒಂದು ಸುತ್ತು ಹಾಕಿಸಿ, ‘ಬಂತ್ರೀ ನಿಮ್ಮನಿ’ ಎಂದು ಅದೇ ಮನೆಗೆ ಕರೆತರುತ್ತಾರೆ. ಇದನ್ನು ಎಲ್ಲಿ ಕಲಿತಿರಿ ಎಂದು ಕೇಳಿದೆ. ‘ಎಲ್ಲಿ ಟ್ರೈನಿಂಗ್‌ರೀ ಅಕ್ಕಾ, ಎರಡು ದಿನ ಆಫೀಸಿನಾಗ ಕುಂಡ್ರಿಸಿ ಬಿ.ಪಿ. ನೋಡೋದು, ಡೈಪರ್ ಹಾಕೋದು ತೋರಿಸಿದ್ರು. ಉಳಿದದ್ದು ನಮ್ಮತ್ತಿ ಹಾಸಿಗಿ ಹಿಡದಾಗ ಕಲ್ತದ್ದು’ ಎಂದರು. ಎಲ್ಲರೂ ಅವರನ್ನು ಸಿಸ್ಟರ್ ಎನ್ನುತ್ತಾರೆ. ಅವರು ಯಾವ ನರ್ಸಿಂಗ್ ಪರಿಷತ್ತಿನ ಪುಸ್ತಕದಲ್ಲೂ ಇಲ್ಲ. ಅಲ್ಲಿಂದ ಎರಡು ಬೀದಿಯಾಚೆ ಪಿಜಿಯಲ್ಲಿರುವ ಬಿಎಸ್ಸಿ ನರ್ಸಿಂಗ್ ಹುಡುಗಿಯರು ಜರ್ಮನ್ ಕ್ಲಾಸಿಗೆ ಹೋಗುತ್ತಾರೆ. ಅವರು ಕಲಿತ ವಿದ್ಯೆಗೆ ಅಲ್ಲಿ ಸಂಬಳವೂ ಮರ್ಯಾದೆಯೂ ಇದೆ. ಅವರನ್ನು ತಪ್ಪೆನ್ನುವುದು ಹೇಗೆ?

2017ರ ಕಾಯ್ದೆಯ 19ನೇ ಸೆಕ್ಷನ್, ಮನೆಯವರು ಒಪ್ಪುತ್ತಿಲ್ಲ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳುವಂತಿಲ್ಲ ಎನ್ನುತ್ತದೆ. ಕಾವೇರಿಗೆ ನಾವು ಕೊಟ್ಟ ತಡವಾದ ಉತ್ತರ ಅದು. ಆದರೆ ಅದೇ ಕಾಯ್ದೆ ಮನೆಯಲ್ಲಿ ಅವಳನ್ನು ನೋಡಿಕೊಳ್ಳುವವರನ್ನು ವಿವರಿಸುವ ರೀತಿ ನೋಡಿ. ರೋಗಿಯ ಜೊತೆ ವಾಸಿಸುವವರು, ಆರೈಕೆಯ ಹೊಣೆ ಹೊತ್ತವರು, ಸಂಬಂಧಿಕರೋ ಬೇರೆಯವರೋ, ಸಂಬಳಕ್ಕೋ ಸುಮ್ಮನೆಯೋ. ವೈದ್ಯರಿಗೆ ಪದವಿ ಬೇಕು, ನರ್ಸಿಗೆ ನೋಂದಣಿ ಬೇಕು, ಸಮಾಜ ಕಾರ್ಯಕರ್ತರಿಗೆ ಎಂಫಿಲ್ ಬೇಕು. ಹಗಲು ರಾತ್ರಿ ಪಕ್ಕದಲ್ಲಿ ಕೂರುವವರಿಗೆ ಮಾತ್ರ ಅಲ್ಲಿ ಇರುವುದೇ ಅರ್ಹತೆ. ಅವರಿಗೆ ಕಲಿಸುವ ಹೊಣೆ ಯಾರದೆಂದು ಆ ವಿವರಣೆ ಹೇಳುವುದಿಲ್ಲ.

ಅರ್ಹತೆಯ ನಿಯಮ ಹಾಕಿ ಹಾವೇರಿಯ ಆ ಹೆಂಗಸಿನ ಕೆಲಸ ಕಿತ್ತುಕೊಳ್ಳಬೇಕು ಎಂದು ನಾನು ಹೇಳುತ್ತಿಲ್ಲ. ಸಕಲವಾರದಲ್ಲಿ ಮಾಡಿದ್ದನ್ನೇ ಮತ್ತೆ ಮಾಡಬಹುದು. ಆರೋಗ್ಯ ಕಾರ್ಯಕರ್ತರಿಗೆ ಕಲಿಸಿದ ಹಾಗೆ ಅವರಿಗೆ ಗೊತ್ತಿರುವುದನ್ನು ಕೇಳಿಸಿಕೊಂಡು, ಗೊತ್ತಿಲ್ಲದ್ದನ್ನು ಕನ್ನಡದಲ್ಲಿ ಕಲಿಸಿ, ಅದಕ್ಕೊಂದು ಪ್ರಮಾಣಪತ್ರ, ಒಂದು ಕನಿಷ್ಠ ಸಂಬಳ, ವಾರಕ್ಕೊಂದು ರಜೆ ಕೊಡುವುದು. ಕಲಿಸುವವರು ಮೂರ್ನಾಲ್ಕು ಕಿಲೋಮೀಟರಿನೊಳಗೆ ಇದ್ದಾರೆ, ಕಲಿಯಬೇಕಾದವರು ಪ್ರತಿ ಅಪಾರ್ಟ್‌ಮೆಂಟಿನಲ್ಲೂ ಇದ್ದಾರೆ. 1956ರಲ್ಲಿ ಒಂದು ವರ್ಷದ ಕೋರ್ಸ್ ಶುರುಮಾಡಿದವರ ಕೈಯಲ್ಲಿ ಇದಕ್ಕಿಂತ ಹೆಚ್ಚಿನದೇನೂ ಇರಲಿಲ್ಲ.